ಧಾರೆ ಎರೆದವರ ಮನೆ

ಕೊಳ್ಳೇಗಾಲದ ಶಿವರತ್ನಮ್ಮನಿಗೆ ತವರು ಎಂಬುದೇ ಇರಲಿಲ್ಲ. ಆಕೆ ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಚಿಕ್ಕಮ್ಮ ಬಂದವಳು ಮದುವೆ ಮಾಡಿ ಕಳಿಸಿದ ಮೇಲೆ ಮತ್ತೆ ತಿರುಗಿ ನೋಡಲಿಲ್ಲ. ಮೂರು ಹೆರಿಗೆಯೂ ಗಂಡನ ಮನೆಯ ಹಿತ್ತಿಲ ಕೋಣೆಯಲ್ಲೇ ಆದವು. ಎರಡು ಮಕ್ಕಳು ನಿಲ್ಲಲಿಲ್ಲ. ಉಳಿದ ಒಂದು ಹೆಣ್ಣು ದೇವಮ್ಮಣ್ಣಿ. ಆ ಮಗುವಿಗೆ ಎಣ್ಣೆ ತಿಕ್ಕುವಾಗೆಲ್ಲ ಶಿವರತ್ನಮ್ಮ ಹೇಳುತ್ತಿದ್ದದ್ದು ಒಂದೇ ಮಾತು: "ನಿಂಗೆ ತವರು ಅಂತ ಒಂದು ಇರ್ತದೆ ಕಣವ್ವ. ಯಾವೊತ್ತು ಬಂದ್ರೂ ಬಾಗ್ಲು ತೆಗ್ದಿರ್ತದೆ."

ಗಂಡ ಪುಟ್ಟಬಸಪ್ಪನದು ರೇಷ್ಮೆ ಸೀರೆ ವ್ಯಾಪಾರ. ಕೆಟ್ಟ ಮನುಷ್ಯನಲ್ಲ. ನೇಕಾರರಿಗೆ ಮೋಸ ಮಾಡಿದವನಲ್ಲ, ಬೇಡಿ ಬಂದವರನ್ನು ಬರಿಗೈಲಿ ಕಳಿಸಿದವನೂ ಅಲ್ಲ. ಆದರೆ ಸರ್ಕಾರಕ್ಕೆ ಕಟ್ಟುವ ಕಾಸೆಂದರೆ ಅವನ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ವ್ಯಾಪಾರ ಕುದುರಿದ ಮೇಲೆ ಇನ್‌ಕಮ್ ಟ್ಯಾಕ್ಸಿನ ಕಾಗದ ಬರತೊಡಗಿತು. ಆ ಕಾಗದ ಬಂದ ದಿನ ಮನೆಯಲ್ಲಿ ಯಾರೂ ಅವನಿಗೆ ಎದುರು ಸಿಕ್ಕುತ್ತಿರಲಿಲ್ಲ.

೧೯೬೯ರಲ್ಲಿ ದೇವಮ್ಮಣ್ಣಿಗೆ ಯಳಂದೂರಿನ ಶಿವಮಲ್ಲಪ್ಪನ ಮಗನನ್ನು ಗೊತ್ತುಮಾಡಿದರು. ಗದ್ದೆ, ತೋಟ ಇದ್ದ ಮನೆತನ. ಪುಟ್ಟಬಸಪ್ಪ ಖುಷಿಯಾಗಿ ಮೈಸೂರಿಗೆ ಹೋಗಿ ತನ್ನ ಆಡಿಟರಿಗೆ ಮದುವೆಯ ಸುದ್ದಿ ಹೇಳಿದ. ಬರುವಾಗ ಒಂದು ಉಪಾಯ ಕಟ್ಟಿಕೊಂಡು ಬಂದ.

ಹನೂರಿನಲ್ಲಿ ಒಂದು ಧರ್ಮಛತ್ರವಿತ್ತು. ಅಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಬೇಸಿಗೆಯಲ್ಲಿ ಮದುವೆ ಮಾಡಿಸುತ್ತಿದ್ದರು. ಮದುವೆಗೆಂದು ಇಟ್ಟ ಹಣವನ್ನೆಲ್ಲ ಆ ಛತ್ರಕ್ಕೆ ದಾನವಾಗಿ ಬರೆದುಕೊಡುವುದು, ಆ ದಾನದಲ್ಲೇ ಚಪ್ಪರ, ಅಡುಗೆ, ವಾಲಗ ಎಲ್ಲ ನಡೆಯುವುದು, ಅನಾಥ ಹುಡುಗಿಯರ ಜೊತೆಗೆ ದೇವಮ್ಮಣ್ಣಿಯ ಮದುವೆಯೂ ಅದೇ ಚಪ್ಪರದಲ್ಲಿ ಆಗಿಹೋಗುವುದು. ಧರ್ಮಕ್ಕೆ ಕೊಟ್ಟದ್ದಕ್ಕೆ ತೆರಿಗೆಯಲ್ಲಿ ವಿನಾಯಿತಿ ಉಂಟು, ಮಗಳ ಮದುವೆಗೆ ಸುರಿದದ್ದಕ್ಕೆ ಇಲ್ಲ. ಆಡಿಟರು ಒಂದು ಎಚ್ಚರಿಕೆಯನ್ನೂ ಹೇಳಿದ್ದ. ಅದು ಛತ್ರದ ಮದುವೆಯಂತೆಯೇ ಕಾಣಬೇಕು. ದಾನ ಕೊಟ್ಟವನೇ ಹಸೆಯ ಮುಂದೆ ಕೂತು ಧಾರೆ ಎರೆದರೆ ಕೆಲಸ ಕೆಟ್ಟಿತು.

"ಅಂಗಾರೆ ನಮ್ ಕೂಸಿಗೆ ಧಾರೆ ಎರಿಯೋರು ಯಾರು?" ಎಂದಳು ಶಿವರತ್ನಮ್ಮ.

"ಛತ್ರ ನೋಡ್ಕಳೋ ರುದ್ರಸ್ವಾಮಿ ಇಲ್ವಾ, ಅವನೂ ಅವನೆಂಡ್ತಿನೂ. ಅಲ್ಲಿ ಎಲ್ಲಾ ಎಣ್ಮಕ್ಕಳಿಗೂ ಅವರೇ ಎರಿಯೋದು."

"ನಾವು ಬದ್ಕಿದ್ದು?"

"ಲೇ ರತ್ನ, ನೀರು ಯಾರು ಬುಟ್ರೇನೇ? ನಮ್ಮಗಳು ನಮ್ಮಗಳೇ ಅಲ್ವಾ? ಮೂರು ಬಡವರ ಮಕ್ಕಳ ಮದ್ವೆನೂ ಆಯ್ತದೆ, ಪುಣ್ಯನೂ ಬತ್ತದೆ, ತೆರಿಗೇನೂ ಉಳೀತದೆ. ಇದೆಲ್ಲ ಆಫೀಸಿನ ವಿಚಾರ, ನಿಂಗೆ ತಿಳಿಯಕ್ಕಿಲ್ಲ."

ಅಂಗಡಿಯಲ್ಲಿ ಬಣ್ಣ ಬಿಡುವ ಸೀರೆ ಕಂಡರೆ ನೇಕಾರನ ಬೆವರಿಳಿಸುತ್ತಿದ್ದ ಹೆಂಗಸು, ಆಫೀಸು ಎಂಬ ಮಾತಿಗೆ ಮೆತ್ತಗಾದಳು. ತನಗೆ ತಿಳಿಯದ ಕಡೆ ಮೂಗು ತೂರಿಸಿ ಗಂಡನಿಗೆ ತೊಂದರೆ ತಂದರೆ ಎಂಬ ಅಳುಕು. ಬೀಗರಿಗೂ ಪುಣ್ಯದ ಕೆಲಸವೆಂದೇ ಹೇಳಿದರು. ಅವರು ಸಂತೋಷವಾಗಿ ಒಪ್ಪಿದರು.

ಮದುವೆಯ ದಿನ ಚಪ್ಪರದಲ್ಲಿ ನಾಲ್ಕು ಹಸೆ. ರುದ್ರಸ್ವಾಮಿ ಬಡಕಲು ಮನುಷ್ಯ. ಅವನ ಹೆಂಡತಿ ಪುಟ್ಟಮಲ್ಲಮ್ಮ ಮಕ್ಕಳಿಲ್ಲದವಳು. ಇಬ್ಬರೂ ಉಪವಾಸವಿದ್ದು, ಒದ್ದೆ ಬಟ್ಟೆಯಲ್ಲೇ ಒಂದೊಂದು ಹಸೆಯ ಮುಂದೆಯೂ ಕೂತು ಧಾರೆ ಎರೆದರು. ಪುಟ್ಟಮಲ್ಲಮ್ಮ ಪ್ರತಿ ಹುಡುಗಿಗೂ ಅತ್ತಳು, ತೋರಿಕೆಗಲ್ಲ, ನಿಜವಾಗಿ. ದೇವಮ್ಮಣ್ಣಿಯ ಕೈಮೇಲೆ ನೀರು ಬಿಡುವಾಗಲೂ ಅತ್ತಳು. ಶಿವರತ್ನಮ್ಮ ನೆಂಟರ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದಳು. ಮಗ್ಗುಲಲ್ಲಿದ್ದ ಯಾರೋ, ಪಾಪ, ಸಂಗತಿ ತಿಳಿಯದವರು, "ನೀವು ಎಣ್ಣಿಗೆ ಏನಾಗ್ಬೇಕವ್ವ?" ಎಂದು ಕೇಳಿದರು. ಗಂಡ ಹತ್ತಿರದಲ್ಲೇ ಇದ್ದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಆ ವರ್ಷದ ಗೌರಿ ಹಬ್ಬಕ್ಕೆ ಶಿವರತ್ನಮ್ಮ ಹೊಸ ಮೊರ ತಂದು, ಅರಿಶಿನ ಬಳಿದು, ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ, ಸೀರೆ, ರವಿಕೆ ಕಣ ಎಲ್ಲ ತುಂಬಿ, ಬಾಗಿನ ಹೊತ್ತುಕೊಂಡು ಯಳಂದೂರಿಗೆ ಹೋದಳು. ನಡುಮನೆಯಲ್ಲಿ ಆಗಲೇ ಒಂದು ಮೊರ ಇತ್ತು. ಹಳೆಯ ಮೊರವನ್ನೇ ಸಾರಿಸಿದ್ದು, ಒಳಗೆ ಒಂದು ನೂಲಿನ ಕಣ. ಹಿಂದಿನ ದಿನ ರುದ್ರಸ್ವಾಮಿ ಬಂದು ಕೊಟ್ಟು ಹೋಗಿದ್ದನಂತೆ. ತಾವು ಧಾರೆ ಎರೆದ ಹೆಣ್ಣುಮಕ್ಕಳಿಗೆಲ್ಲ ಗಂಡ ಹೆಂಡತಿ ವರ್ಷ ವರ್ಷ ಹೀಗೇ ಬಾಗಿನ ಮುಟ್ಟಿಸುತ್ತಿದ್ದರು.

ಬೀಗಿತಿ ಚನ್ನಾಜಮ್ಮ ಮೇಲಿಂದ ಕೆಳಗಿನವರೆಗೂ ಸಂಪ್ರದಾಯದ ಹೆಂಗಸು. ಉಪಚಾರವನ್ನೆಲ್ಲ ಚೆನ್ನಾಗಿ ಮಾಡಿ, ಆಮೇಲೆ ಹೇಳಿದಳು:

"ಬ್ಯಾಸ್ರ ಮಾಡ್ಕಬ್ಯಾಡಿ ಬೀಗ್ತೇರೆ. ನಾನು ಕಣ್ಣಾರೆ ಕಂಡಿವ್ನಿ, ಧಾರೆ ಎರೆದೋರು ಅನೂರಿನೋರು. ಎಣ್ಣಿಗೆ ಅದೇ ತವರು. ಒಂದೆಣ್ಣಿಗೆ ಎರಡು ತವರಿನ ಬಾಗಿನ ತಕಂಡ್ರೆ ನಮ್ಮನೇಗೆ ಆಗ್ಬರಕ್ಕಿಲ್ಲ. ನೀವು ಬನ್ನಿ, ಓಗಿ, ಉಣ್ಣಿ. ನೆಂಟ್ರು ನೀವು."

ದೇವಮ್ಮಣ್ಣಿ ಬಾಗಿಲ ಸಂದಿಯಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಶಿವರತ್ನಮ್ಮ ತುಂಬಿದ ಮೊರವನ್ನು ತಿರುಗಿ ಹೊತ್ತುಕೊಂಡು ಬಂದಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳನ್ನು ಕಂಡು ಕಂಡಕ್ಟರು, ಮಗಳ ಮನೆಗೋ ಎಂದು ಕೇಳಿದ. ಹೌದೆಂದಳು.

ಇತ್ತ ಮೈಸೂರಿನ ಇನ್‌ಕಮ್ ಟ್ಯಾಕ್ಸ್ ಆಫೀಸಿನವರು ಪುಟ್ಟಬಸಪ್ಪನನ್ನು ಕರೆಸಿದರು. ಅಧಿಕಾರಿ ದಾನದ ರಸೀದಿಯನ್ನು ನೋಡಿ ಮೆಚ್ಚಿಕೊಂಡು, ಆ ಚಪ್ಪರದಲ್ಲಿ ಮದುವೆಯಾದ ದೇವಮ್ಮಣ್ಣಿ ಎಂಬ ಹುಡುಗಿ ನಿಮಗೆ ಏನಾಗಬೇಕು ಎಂದು ಮೆಲ್ಲಗೆ ಕೇಳಿದರು. ಪುಟ್ಟಬಸಪ್ಪ ದಾರಿಯುದ್ದಕ್ಕೂ ಏನೇನೋ ಉತ್ತರ ಕಟ್ಟಿಕೊಂಡು ಹೋಗಿದ್ದ. ಬಾಯಿ ತೆರೆದಾಗ ಬಂದದ್ದು ಬೇರೆ.

"ನನ್ನ ಮಗಳು ಸಾ. ಒಬ್ಬಳೇ ಮಗಳು."

ವಿನಾಯಿತಿ ಅಲ್ಲಿಗೆ ಬಿದ್ದುಹೋಯಿತು. ಇನ್‌ಕಮ್ ಟ್ಯಾಕ್ಸಿನವರ ಲೆಕ್ಕದಲ್ಲಿ ದೇವಮ್ಮಣ್ಣಿ ಅವನ ಮಗಳೇ. ಯಳಂದೂರಿನ ಲೆಕ್ಕದಲ್ಲಿ ಮಾತ್ರ ಅಲ್ಲ. ಇಂಥ ಜಾಣತನಕ್ಕೆ ಏನೆನ್ನಬೇಕೋ ಕಾಣೆ. ಮನೆಗೆ ಬಂದು ಜಗಲಿಯ ಮೇಲೆ ಕೂತವನು ಊಟಕ್ಕೂ ಏಳಲಿಲ್ಲ. ಅವನನ್ನು ಬೈಯಲು ಶಿವರತ್ನಮ್ಮನಿಗೂ ಮನಸ್ಸು ಬರಲಿಲ್ಲ.

ದೇವಮ್ಮಣ್ಣಿ ಚೊಚ್ಚಲ ಬಸುರಿಯಾದಾಗ ಬಾಣಂತನಕ್ಕೆ ಹನೂರಿನವರು ಕರೆದರು, ಚನ್ನಾಜಮ್ಮ ಕಳಿಸಿದಳು. ಶಿವರತ್ನಮ್ಮ ಅಂದೇ ಹನೂರಿಗೆ ಬಸ್ಸು ಹತ್ತಿದಳು. ಜಗಳ ತೆಗೆದು ಮಗಳನ್ನು ಕರೆದುಕೊಂಡೇ ಬರುವುದೆಂದು ಹೊರಟಿದ್ದಳು. ಛತ್ರದ ಹಿಂದಿನ ಪುಟ್ಟ ಮನೆಯಲ್ಲಿ ಪುಟ್ಟಮಲ್ಲಮ್ಮ ಬಾಣಂತಿಯ ಖಾರಕ್ಕೆ ಮೆಣಸು ಹುರಿಯುತ್ತಿದ್ದಳು. ಶಿವರತ್ನಮ್ಮ ಬೈದಷ್ಟೂ ಬೈಸಿಕೊಂಡಳು. ಕೊನೆಗೆ ಕೈಮುಗಿದಳು.

"ಅವ್ವಾ, ನಾನೇನು ನಿಮ್ಮ ಕೂಸನ್ನ ಕಿತ್ಕಂಡ್ನಾ? ಎರೀರಿ ಅಂದ್ರಿ, ಎರೆದ್ವಿ. ದೊಡ್ಡೋರ ಮಗಳು, ನಮಗ್ಯಾಕೆ ಅಂತ ಇವಳೊಬ್ಳನ್ನ ಬುಟ್ಬುಟ್ರೆ, ಮಿಕ್ಕ ಎಣ್ಣೈಕ್ಳು ಏನಂದ್ಕತವೆ? ನಮ್ಮವ್ವ ಬೇಕಾದಾಗ ನಮ್ಮನ್ನೂ ಇಂಗೇ ಬುಡ್ತಾಳೆ ಅಂದ್ಕಳಕ್ಕಿಲ್ವಾ? ಆ ಮಕ್ಕಳಿಗೆ ನಮ್ಮನ್ನ ಬುಟ್ರೆ ಯಾರವ್ರೆ?"

ತವರಿಲ್ಲದೆ ಬದುಕಿದ ಶಿವರತ್ನಮ್ಮನಿಗೆ ಈ ಮಾತಿನ ಮುಂದೆ ಜಗಳ ಆಡಲಾಗಲಿಲ್ಲ. ಚೀಲದಲ್ಲಿ ತಂದಿದ್ದ ಕೊಬ್ಬರಿ, ತುಪ್ಪ ತೆಗೆದಿಟ್ಟು, ಸೆರಗು ಸಿಕ್ಕಿಸಿ, ಮೆಣಸು ಕುಟ್ಟಲು ಕೂತಳು.

ಹೆಣ್ಣು ಮಗು ಹುಟ್ಟಿತು. ಬಾಣಂತನ ಮುಗಿಯುವತನಕ ಅವಳು ಅಲ್ಲೇ ಇದ್ದಳು, ಛತ್ರದ ಪಡಸಾಲೆಯಲ್ಲಿ ದಾರಿಹೋಕರ ನಡುವೆ ಮಲಗಿಕೊಂಡು. ಹಗಲೆಲ್ಲ ನೀರು ಕಾಯಿಸುವುದು, ಬಟ್ಟೆ ಒಗೆಯುವುದು. ಮಗುವಿಗೆ ಮೊದಲ ನೀರು ಹಾಕಿದವಳು ಪುಟ್ಟಮಲ್ಲಮ್ಮ, ತೊಟ್ಟಿಲಿಗೆ ಹಾಕಿದವಳೂ ಪುಟ್ಟಮಲ್ಲಮ್ಮ. ದೇವಮ್ಮಣ್ಣಿ ತಾಯಿಯ ಹತ್ತಿರ ಬೇಕು ಬೇಡ ಎಂಬಷ್ಟೇ ಮಾತಾಡುತ್ತಿದ್ದಳು. ಮಗಳಿಗೆ ಮೈಯಲ್ಲಿ ನಿತ್ರಾಣ ಎಂದು ಶಿವರತ್ನಮ್ಮ ತನಗೆ ತಾನೇ ಹೇಳಿಕೊಂಡಳು.

ಯಳಂದೂರಿಗೆ ಹೊರಡುವ ದಿನ ಬಂತು. ಪುಟ್ಟಮಲ್ಲಮ್ಮ ದೇವಮ್ಮಣ್ಣಿಗೆ ಮಡಿಲಕ್ಕಿ ತುಂಬಿದಳು. ಆಮೇಲೆ ಮೊರವನ್ನು ಶಿವರತ್ನಮ್ಮನ ಕಡೆ ಸರಿಸಿ, "ನೀವೂ ಒಂದೀಟು ಆಕ್ರವ್ವ, ಮುತ್ತೈದೇರು ಯಾರು ಆಕುದ್ರೂ ಒಳ್ಳೇದೇಯ," ಎಂದು ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ತಾಯಿ ಮಗಳು ಇಬ್ಬರೇ ಉಳಿದರು. ಶಿವರತ್ನಮ್ಮ ಬೊಗಸೆ ತುಂಬ ಅಕ್ಕಿ ತೆಗೆದು ಮಗಳ ಸೆರಗಿಗೆ ಹಾಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ದೇವಮ್ಮಣ್ಣಿ ಸೆರಗು ಹಿಡಿದುಕೊಂಡೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವ್ವಾ, ಅಪ್ಪಂಗೆ ತೆರಿಗೆ ಭಯ ಇತ್ತು. ಆ ಚಪ್ಪರದಲ್ಲಿ ನೀನು ಒಂದೇ ಒಂದ್ಸಲ, ಇವಳು ನನ್ನ ಮಗಳು ಅಂತ ಯಾಕನ್ಲಿಲ್ಲ?"

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಶಿವರತ್ನಮ್ಮ ಬಗ್ಗಿ ನೆಲದ ಮೇಲಿನ ಅಕ್ಕಿಯನ್ನು ಬಳಿದು ಸೆರಗಿಗೆ ಹಾಕಿ, ಗಂಟು ಕಟ್ಟಿ, ಮಗಳನ್ನು ಬಸ್ಸು ಹತ್ತಿಸಿದಳು.