ಗದ್ದಿಗೆ ಪಕ್ಕದ ಜಾಗ

ಹಂದನಕೆರೆ ಸುತ್ತಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಅಯ್ಯನವರಿಗೆ ಹೇಳಿ ಕಳಿಸುತ್ತಿದ್ದರು, ಆಮೇಲೆ ಗುರುಸಿದ್ದಮ್ಮನಿಗೆ. ಅಯ್ಯನವರು ಮಂತ್ರ ಹೇಳುವುದಕ್ಕೆ, ಈಕೆ ಅಳುವುದಕ್ಕೆ. ಕೂಲಿಯ ಅಳು ಅಂದುಕೊಂಡೀರಿ ಮತ್ತೆ! ಹಾಗೆ ಯಾರಾದರೂ ಎದುರಿಗೆ ಅಂದಿದ್ದರೆ ಗುರುಸಿದ್ದಮ್ಮ ಅವರ ಚಳಿ ಬಿಡಿಸುತ್ತಿದ್ದಳು. ಸತ್ತವರು ನೆಟ್ಟ ಮರ, ಸಾಕಿದ ಎಮ್ಮೆ, ಜಗಳವಾಡಿದ ನೆಂಟರು, ಎಲ್ಲವನ್ನೂ ಪದ ಕಟ್ಟಿ ಹಾಡಿಕೊಂಡು ಅವಳು ಅತ್ತರೆ, ಮಾತು ಬಿಟ್ಟು ಕೂತಿದ್ದ ದಾಯಾದಿಯೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎನ್ನುತ್ತಿದ್ದ. ಅತ್ತು ಮುಗಿದ ಮೇಲೆ ಮನೆಯವರಿಗೆ ಉಸಿರು ಬರುತ್ತಿತ್ತು. ಇವಳು ಮುಖ ತೊಳೆದುಕೊಂಡು, ಆ ಮನೆಯ ಕಾಫಿಯನ್ನೂ ಮುಟ್ಟದೆ ವಾಪಸು ಬರುತ್ತಿದ್ದಳು.

ಇಂಥ ಗುರುಸಿದ್ದಮ್ಮ ಸ್ವಂತ ಗಂಡ ಸತ್ತಾಗ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಊರು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ಊರಿಗೇನು ಗೊತ್ತು.

ತುರುವೇಕೆರೆ ಕಡೆಯಿಂದ ಮದುವೆಯಾಗಿ ಬಂದವಳಿಗೆ ಗಂಡ ಶಂಭುಲಿಂಗಯ್ಯ ಮೊದಲು ತೋರಿಸಿದ್ದು ತೆಂಗಿನ ತೋಟ. ತೋಟದ ಮೂಲೆಯಲ್ಲಿ ಅವರಪ್ಪನ ಗದ್ದಿಗೆ. ಮುಂದೆ ಪಕ್ಕದಲ್ಲೇ ಅತ್ತೆಯದೂ ಆಯಿತು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಮೈಗೆಲ್ಲ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ತಮ್ಮ ಮಣ್ಣಿನಲ್ಲಿ ಕೂರಿಸುತ್ತಾರೆ. ಆ ಎರಡು ಗದ್ದಿಗೆಗಳ ಪಕ್ಕ ಇಬ್ಬರಿಗಾಗುವಷ್ಟು ಜಾಗವನ್ನು ಶಂಭುಲಿಂಗಯ್ಯ ಒಂದು ಸಸಿಯನ್ನೂ ನೆಡದೆ ಖಾಲಿ ಉಳಿಸಿಕೊಂಡಿದ್ದ. ಹಬ್ಬದ ದಿನ ಅಲ್ಲಿ ದೀಪ ಹಚ್ಚಿ, "ಇದು ನಂದು, ಅದು ನಿಂದು ಕಣೇ. ಅಲ್ಲೂ ಗೊಣಗ್ಬ್ಯಾಡ" ಎನ್ನುತ್ತಿದ್ದ.

"ಮೊದ್ಲು ಹೋದೋರು ಸ್ನಾನಕ್ಕೆ ನೀರು ಕಾಯ್ಸಿಟ್ಟಿರಿ, ಬತ್ತೀನಿ" ಎಂದು ಇವಳೂ ಬಿಡುತ್ತಿರಲಿಲ್ಲ.

ಮಗ ಯೋಗೀಶನಿಗೆ ತಿಪಟೂರಿನಲ್ಲಿ ಟೈಲ್ಸ್ ಅಂಗಡಿ ಇಡುವ ಹುಚ್ಚು ಹತ್ತಿತು. ಹಗಲೂ ರಾತ್ರಿ ಅಪ್ಪನ ತಲೆ ತಿಂದ. ಕೊನೆಗೆ ತೋಟ ಮಾರಿದ್ದಾಯಿತು, ಕೊಂಡವಳು ಆಶಾ. ಆಶಾ ಬೆಂಗಳೂರಿನಲ್ಲಿ ನಾಟಕ ಮಾಡಿಸುತ್ತಿದ್ದವಳು. ಖಾದಿ ಸೀರೆ, ಬರಿಗಾಲು, ಬಾಯಿ ತೆರೆದರೆ ಜೇನು. ಮನಸ್ಸು ನೊಂದ ಪೇಟೆಯವರನ್ನು ಕರೆತಂದು, ನಾಟಕ ಆಡಿಸಿ, ಮಣ್ಣಿಗೆ ಪೂಜೆ ಮಾಡಿಸಿ, ಪ್ರಕೃತಿಯ ಮಡಿಲಿಗೆ ಹಾಕುವ ಶಿಬಿರ ನಡೆಸುತ್ತಾಳಂತೆ. ರಿಜಿಸ್ಟ್ರೇಷನ್ ದಿನ ಚಿಕ್ಕನಾಯಕನಹಳ್ಳಿಯ ಕಚೇರಿ ಮುಂದೆ ಶಂಭುಲಿಂಗಯ್ಯ ಕೇಳಿದ್ದು ಒಂದೇ ಮಾತು. "ಅಪ್ಪ ಅಮ್ಮನ ಪಕ್ಕ ನಮ್ಮಿಬ್ರಿಗೂ ಜಾಗ ಬುಡ್ಬೇಕು ಕಣವ್ವ."

ಆಶಾ ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿ ಬಂತು. "ಅಜ್ಜಾ, ಅದು ಯಾವತ್ತಿಗೂ ನಿಮ್ಮದೇ ಜಾಗ."

ಆ ಮನುಷ್ಯನಿಗೆ ಅಷ್ಟು ಸಾಕಾಯಿತು. ಅಲ್ಲಾ ಸ್ವಾಮಿ, ಕೈ ಹಿಡಿದು ಕಣ್ಣೀರಿಟ್ಟವರಿಂದ ಯಾರಾದರೂ ಪತ್ರ ಬರೆಸಿಕೊಳ್ಳುತ್ತಾರಾ?

ತೋಟಕ್ಕೆ ಗೇಟು ಬಂತು. ಕೊಬ್ಬರಿ ಅಟ್ಟ ಧ್ಯಾನದ ಕೋಣೆಯಾಯಿತು. ಶನಿವಾರ ಬಂದರೆ ಕಾರುಗಳ ಸಾಲು, ಮರ ತಬ್ಬಿಕೊಂಡು ನಿಂತ ಜನ. "ಇರುವೆ ಕಚ್ಚಿದ್ರೆ ತಾನೇ ಬುಡ್ತಾರೆ" ಎಂದು ಶಂಭುಲಿಂಗಯ್ಯ ಬೇಲಿಯಾಚೆ ನಿಂತು ನಗುತ್ತಿದ್ದ. ತೋಟ ಹೋಯಿತೆಂಬ ಸಂಕಟವಿದ್ದರೂ ಜಾಗ ಉಳಿದಿದೆಯಲ್ಲ ಎಂಬ ಧೈರ್ಯವಿತ್ತು ಅವನಿಗೆ.

ಹೋದ ಕಾರ್ತೀಕದಲ್ಲಿ ಒಂದು ಶನಿವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟವನು ಗೋಡೆಗೆ ಒರಗಿದ, ಒರಗಿದಂತೆಯೇ ಹೋಗಿಬಿಟ್ಟ. ಯೋಗೀಶ ಫೋನ್ ಮಾಡಿದರೆ ಆಶಾ ಎತ್ತಲಿಲ್ಲ. ಗುರುಸಿದ್ದಮ್ಮ ತಾನೇ ಎದ್ದು ತೋಟಕ್ಕೆ ನಡೆದಳು. ಯೋಗೀಶ ಹಿಂದೆ ಓಡಿ ಬಂದ. ಆಶಾ ಗೇಟಿನ ಒಳಗೇ ನಿಂತು ಕೈ ಮುಗಿದಳು.

"ಅಜ್ಜೀ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಒಳಗಿರೋರೆಲ್ಲ ತುಂಬಾ ನೊಂದು ಬಂದಿದ್ದಾರೆ. ಈಗ ಹೆಣ ನೋಡಿದ್ರೆ ಕುಸಿದುಬಿಡ್ತಾರೆ."

"ನಾನೇನು ನಗ್ತಾ ಬಂದಿದೀನೇನವ್ವ?"

ಆಶಾ ತಲೆ ತಗ್ಗಿಸಿದಳು. ಗೇಟು ಮಾತ್ರ ತೆಗೆಸಲಿಲ್ಲ. ಯೋಗೀಶ ಅಮ್ಮನ ರಟ್ಟೆ ಹಿಡಿದ. "ಬಾರಮ್ಮ, ಪತ್ರದಾಗೆ ಅದೆಲ್ಲ ಬರ್ಸಿಲ್ಲ."

ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿ ಜೆಸಿಬಿ ಗುಂಡಿ ತೋಡಿತು. ಗರಸು ನೆಲ, ಕೂರಿಸಲು ಗೂಡು ಕೊರೆದಂತೆಲ್ಲ ಕುಸಿಯುತ್ತಿತ್ತು. ಅಯ್ಯನವರು ಮಂತ್ರ ಹೇಳುವಾಗ ಜಲ್ಲಿ ಲಾರಿ ಹಾದು ಎಲ್ಲರ ಮೇಲೆ ಧೂಳು ಸುರಿಯಿತು. ಶಂಭುಲಿಂಗಯ್ಯನಿಗೆ ಬಳಿದಿದ್ದ ವಿಭೂತಿಯ ಮೇಲೂ ಬಿತ್ತು. ಗುರುಸಿದ್ದಮ್ಮನಿಗೆ ಹೊಟ್ಟೆಯೊಳಗಿಂದ ಬೆಂಕಿ ಎದ್ದಿತು. ಬೆಂಕಿ ಬಂದಾಗ ಅಳು ಎಲ್ಲಿಂದ ಬರಬೇಕು? ಯಾವ ಮಣ್ಣಿನ ಮುಂದೆ ಯಾವ ಪದ ಹಾಡಲಿ? ಸೆರಗು ಕಚ್ಚಿಕೊಂಡು ನಿಂತಳು.

ಯುಗಾದಿ ಕಳೆದ ಮೇಲೆ ಆಶಾ ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದಳು. ಶಿಬಿರದಲ್ಲಿ ಹೊಸದೊಂದು ಆಚರಣೆ ಶುರುವಾಗಿದೆಯಂತೆ, ‘ಮರುಹುಟ್ಟು’ ಅಂತ ಹೆಸರು. ಒಬ್ಬೊಬ್ಬರಿಗೆ ಒಂದೊಂದು ಗುಂಡಿ. ಮಲಗಿ, ಕುತ್ತಿಗೆವರೆಗೆ ಮಣ್ಣು ಹಾಕಿಸಿಕೊಂಡು, ತಾನು ಸತ್ತೆ ಅಂತ ಆಡಬೇಕು. ಉಳಿದವರು ಅಳಬೇಕು. ಹಳೆಯ ನೋವೆಲ್ಲ ಮಣ್ಣಾಗುತ್ತದಂತೆ.

"ಆದ್ರೆ ನಮ್ಮವರಿಗೆ ಅಳೋಕೇ ಬರಲ್ಲ ಅಜ್ಜೀ. ಟಿಶ್ಯೂ ಹುಡುಕ್ತಾರೆ. ನೀವು ಬಂದು ಹಾಡ್ಕೊಂಡು ಅಳಬೇಕು."

ಗುರುಸಿದ್ದಮ್ಮ ಅವಳನ್ನೇ ನೋಡಿದಳು. ಇವಳಿಗೆ ನೆನಪಿಲ್ಲವೋ, ನೆನಪಿದ್ದೂ ಕೇಳುತ್ತಿದ್ದಾಳೋ, ತಿಳಿಯಲಿಲ್ಲ.

"ಹೋಗಮ್ಮ" ಎಂದ ಯೋಗೀಶ. "ಅವ್ರ ಬಾತ್‌ರೂಮಿಗೆಲ್ಲ ನಮ್ದೇ ಟೈಲ್ಸು ಹಾಕ್ತಾವ್ರೆ."

ಥೂ, ಹೆತ್ತ ಹೊಟ್ಟೆಗೆ ಬೆಂಕಿ ಹಾಕುವ ಮಾತು! ಆದರೂ ಅವಳು ಹೊರಟಳು. ಟೈಲ್ಸಿಗಲ್ಲ. ಗೇಟು ಹಾಕಿದಾಗಿನಿಂದ ಅತ್ತೆ ಮಾವನ ಗದ್ದಿಗೆಗೆ ಒಂದು ಹೂವು ಏರಿಸಿರಲಿಲ್ಲ. ಆ ಖಾಲಿ ಜಾಗವನ್ನು ಒಂದು ಸಲ ಕಣ್ಣಿನಿಂದ ನೋಡಬೇಕಿತ್ತು. ಗಂಡನಿಗಂತೂ ದಕ್ಕಲಿಲ್ಲ, ತನಗಾದರೂ ಕೇಳಿಕೊಳ್ಳಬೇಕು ಅಂತ ಮನಸ್ಸಿನಲ್ಲಿತ್ತು.

ಹೊತ್ತು ಇಳಿಯುವಾಗ ತೋಟದೊಳಗೆ ಕಾಲಿಟ್ಟಳು. ಗುಂಡಿಗಳ ಸಾಲು ಮೂಲೆಯವರೆಗೂ ಹೋಗಿತ್ತು. ಕೊನೆಯ ಗುಂಡಿ ಅತ್ತೆಯ ಗದ್ದಿಗೆಯ ಮಗ್ಗುಲಿಗೆ, ಶಂಭುಲಿಂಗಯ್ಯ ತನ್ನದು ಎಂದು ತೋರಿಸುತ್ತಿದ್ದಲ್ಲೇ ಇತ್ತು. ಅದರಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಕಣ್ಣು ಮುಚ್ಚಿ ಮಲಗಿದ್ದಳು. ಹೆಸರು ಅನಿತಾ, ಗಂಡ ಬಿಟ್ಟುಹೋದ ಮೇಲೆ ನಿದ್ದೆಯೇ ಬರುತ್ತಿಲ್ಲವೆಂದು ಆಶಾ ಕಿವಿಯಲ್ಲಿ ಹೇಳಿದಳು. ಕುತ್ತಿಗೆವರೆಗೂ ಮಣ್ಣು. ಒಳ್ಳೆಯ ಮಣ್ಣು, ಕಪ್ಪಗೆ, ತಣ್ಣಗೆ.

ಗುರುಸಿದ್ದಮ್ಮ ಗುಂಡಿಯ ಅಂಚಿನಲ್ಲಿ ಕೂತಳು. ಅಷ್ಟು ದಿನ ಬಾರದಿದ್ದ ಅಳು ಕಿತ್ತುಕೊಂಡು ಬಂತು.

"ಎದ್ದೇಳೇ ನನ್ನವ್ವ, ಇದು ನಿನ್ನ ಜಾಗವಲ್ಲ,
ನನ್ನ ದೊರೆ ಕೂರಾಕೆ ಮಡಗಿದ್ದ ಜಾಗ ಕಣೇ!
ಅಪ್ಪನ ಮಗ್ಗುಲಲಿ ಕೂರ್ತೀನಿ ಅಂದೋನ್ನ
ಲಾರಿ ಧೂಳಲ್ಲಿ ಬುಟ್ಟು ಬಂದೆನಲ್ಲೋ ಶಿವನೇ,
ಯಾರ್ಯಾರೋ ಬಂದು ಒಳಗೆ ಮಲಗವ್ರೆ,
ಮನೆಯೋನು ಬೀದೀಲಿ ಕುಂತವ್ನಲ್ಲೋ..."

ನೆಲ ಬಡಿದುಕೊಂಡು ಅತ್ತಳು. ಸುತ್ತ ನಿಂತವರೆಲ್ಲ ಬಿಕ್ಕತೊಡಗಿದರು. ಅನಿತಾ ಮಣ್ಣು ಕೊಡವಿಕೊಂಡು ಎದ್ದು ಬಂದು, ಗುರುಸಿದ್ದಮ್ಮನನ್ನು ತಬ್ಬಿಕೊಂಡು, ಮಗುವಿನ ಹಾಗೆ ಅತ್ತಳು. "ಹಗುರ ಆಯ್ತು ಅಜ್ಜೀ, ಎಷ್ಟು ಹಗುರ ಆಯ್ತು!" ಎಂದಳು. ಪಾಪ, ಅವಳ ದುಃಖ ಸುಳ್ಳಲ್ಲ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಜನ ಊಟಕ್ಕೆ ಹೋದರು. ಆಶಾ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಎಂಥಾ ಅಭಿನಯ ಅಜ್ಜೀ! ‘ಇದು ನಿನ್ನ ಜಾಗವಲ್ಲ’ ಅಂದ್ರಲ್ಲ, ಮೈ ಜುಂ ಅಂತು. ಮುಂದಿನ ತಿಂಗಳೂ ಇದೇ ಮಾತು ಇರಲಿ."

"ಬತ್ತೀನಿ ಕಣವ್ವ. ಎಷ್ಟು ಸಲ ಕರೆದ್ರೂ ಬತ್ತೀನಿ, ದುಡ್ಡೂ ಬ್ಯಾಡ." ಗುರುಸಿದ್ದಮ್ಮ ಅವಳ ಕೈ ಹಿಡಿದುಕೊಂಡಳು. "ನಾನು ಸತ್ತಾಗ ಇಲ್ಲೇ ಮಣ್ಣು ಮಾಡಿಸ್ಬುಡು. ಗುಂಡಿ ಹೆಂಗೂ ತೋಡೇ ಐತೆ."

ಆಶಾ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅದು ಹೇಗಾಗುತ್ತೆ ಅಜ್ಜೀ? ಇವರೆಲ್ಲ ಎದ್ದು ಮನೆಗೆ ಹೋಗ್ತಾರಲ್ಲ."

ಗುರುಸಿದ್ದಮ್ಮ ಸೆರಗಿಗೆ ಅಂಟಿದ ಮಣ್ಣನ್ನು ಅಲ್ಲೇ ಕೊಡವಿದಳು.

"ಹೂಂ ಕಣವ್ವ. ನಮ್ಮೋರಿಗೆ ಏಳಾಕೆ ಬರಲ್ಲ."