ನಾನು ಲೆಕ್ಕದಿಂದ ಬಿಟ್ಟವರು

ಆ ರಸ್ತೆ ದಾಟಿದವರನ್ನೆಲ್ಲ ನಾನು ನೋಡಿದ್ದೆ. ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆದಿದ್ದೆ. ಆಮೇಲೆ ವರದಿ ಬರೆಯುವಾಗ ಅವರಲ್ಲಿ ಹೆಚ್ಚಿನವರನ್ನು ಬಿಟ್ಟುಬಿಟ್ಟೆ. ಬಿಡು ಎಂದು ನನಗೆ ಯಾರೂ ಹೇಳಿರಲಿಲ್ಲ — ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲಿನವರ ಒತ್ತಡ, ಇಲಾಖೆಯ ಕಣ್ಸನ್ನೆ, ವೀಸಾದ ಹೆದರಿಕೆ — ಯಾವುದೂ ಇರಲಿಲ್ಲ. ಕನಿಕರಪಟ್ಟು ಯಾರಾದರೂ ನನಗಾಗಿ ಅಂಥದ್ದೊಂದು ಕಾರಣ ಹುಡುಕುವುದಾದರೆ, ದಯವಿಟ್ಟು ಬೇಡ. ತಪ್ಪು ನನ್ನ ತಲೆಯಲ್ಲೇ ಹುಟ್ಟಿತು, ನನ್ನ ಕೈಬರಹದಲ್ಲೇ ಹೋಯಿತು. ಅದರಿಂದಾಗಿ ಒಬ್ಬ ಪ್ರಾಮಾಣಿಕ ಶಾಸಕ, ನಿಜ ಹೇಳಿದ್ದಕ್ಕೆ ಸಂಸತ್ತಿನಲ್ಲಿ ಎದ್ದುನಿಂತು ಕ್ಷಮೆ ಕೇಳಬೇಕಾಯಿತು.

ನಾನು ಕಾಪುವಿನ ಕಡೆಯವನು. ಬಹ್ರೇನ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಜಿಂಜ್ ಬಡಾವಣೆಯಲ್ಲಿ ಫ್ಲ್ಯಾಟು, ಹೆಂಡತಿ ವಸಂತಿ, ಶಾಲೆಗೆ ಹೋಗುವ ಮಗಳು, ಒಂದು ಕಾರು. ರಸ್ತೆಗಳ ಯೋಜನೆ ತಯಾರಿಸಿಕೊಡುವ ಕಂಪನಿಯೊಂದರಲ್ಲಿ ಸರ್ವೇಯರ್ ಕೆಲಸ. ಕಂಪನಿಯ ಆಫೀಸು ಸೇತುವೆಯಾಚೆಯ ಮುಹರ್ರಕ್‌ನಲ್ಲಿ, ನಾನು ಹೇಳುತ್ತಿರುವ ರಸ್ತೆಯಿಂದ ಐದು ನಿಮಿಷದ ದೂರದಲ್ಲಿ. ದಿನವೂ ಆಫೀಸಿನ ನೆಲಮಾಳಿಗೆಯಲ್ಲೇ ಕಾರು ನಿಲ್ಲಿಸುತ್ತಿದ್ದ ನಾನು ಆ ರಸ್ತೆಯನ್ನು ಒಮ್ಮೆಯೂ ನಡೆದು ದಾಟಿದವನಲ್ಲ.

ರಸ್ತೆಯ ಈಚೆ ಹಳೆಯ ಮನೆಗಳ ಗಲ್ಲಿಗಳು, ಆಚೆ ಬಸ್ ನಿಲ್ದಾಣ ಮತ್ತು ಮಾರುಕಟ್ಟೆ. ನಡುವೆ ಸೇತುವೆಯ ಕಡೆ ಓಡುವ ಕಾರುಗಳು — ಅವಕ್ಕೆ ನಿಲ್ಲುವ ಅಭ್ಯಾಸವೇ ಇಲ್ಲ. ಇಲ್ಲಿ ಶಾಸಕರನ್ನು ನಾಯಿಬ್ ಎನ್ನುತ್ತಾರೆ. ಆ ಪ್ರದೇಶದ ನಾಯಿಬ್ ದಪ್ಪ ಕನ್ನಡಕದ ಮನುಷ್ಯ, ಹಿಂದೆ ಶಾಲಾಮಾಸ್ತರರಾಗಿದ್ದವರು. ಅವರ ಕಾರಿನ ಹಿಂದಿನ ಸೀಟಿನಲ್ಲಿ ಸದಾ ಸುತ್ತಿಟ್ಟ ನಕ್ಷೆಗಳು. ಯಾವ ಚರಂಡಿ ಎಲ್ಲಿ ಮುಗಿಯುತ್ತದೆ, ಯಾವ ಪಾರ್ಕಿಗೆ ಎರಡು ಸಲ ಬೇಲಿ ಹಾಕಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ಸಂಸತ್ತಿನಲ್ಲಿ ಕೇಳಿದ ಪ್ರಶ್ನೆ ಇಷ್ಟೇ: ರಸ್ತೆಯ ನಡುವೆ ಖರ್ಜೂರದ ಮರ ನೆಡಲು ಹಣವಿದೆ, ಅದನ್ನು ಕಿತ್ತು ಬೇರೆ ನೆಡಲೂ ಹಣವಿದೆ, ಜನ ದಾಟಲು ಒಂದು ಸಿಗ್ನಲ್ ಹಾಕಲು ಯಾಕಿಲ್ಲ? ಈ ಯೋಜನೆ ಮಾಡಿದವರು ಅಲ್ಲಿ ಒಮ್ಮೆಯಾದರೂ ನಡೆದಿದ್ದಾರೆಯೇ? ದಿನಾ ಬೆಳಿಗ್ಗೆ ಗುಂಪುಗುಂಪಾಗಿ ಜನ ಜೀವ ಕೈಯಲ್ಲಿ ಹಿಡಿದು ದಾಟುವುದನ್ನು ತಾನೇ ಕಣ್ಣಾರೆ ಕಂಡಿದ್ದೇನೆ ಎಂದರು. ರಸ್ತೆಗಳ ಇಲಾಖೆ, ಆಗಲಿ, ಒಂದು ಅಧ್ಯಯನ ಮಾಡಿಸೋಣ ಎಂದಿತು. ಅಧ್ಯಯನ ನಮ್ಮ ಕಂಪನಿಗೆ ಬಂತು. ಎಣಿಸಲು ಹೋದವನು ನಾನು.

ಮೂರು ದಿನ, ಬೆಳಗಿನಿಂದ ಸಂಜೆಯವರೆಗೆ, ಅಲ್ಲಿನ ಕೋಲ್ಡ್ ಸ್ಟೋರ್ ಮುಂದೆ — ಮೂಲೆ ಅಂಗಡಿಯನ್ನು ಇಲ್ಲಿ ಹಾಗೆನ್ನುತ್ತಾರೆ — ಒಂದು ಸ್ಟೂಲು ಹಾಕಿಕೊಂಡು ಕೂತೆ. ಮೀನು ಮಾರುಕಟ್ಟೆಯ ಕೂಲಿಗಳು, ಇಸ್ತ್ರಿ ಬಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದ ಲಾಂಡ್ರಿಯವರು, ಬಂಗಾಳಿ ದರ್ಜಿಗಳು, ಯಜಮಾನರ ಮಕ್ಕಳ ಕೈಹಿಡಿದ ಮನೆಗೆಲಸದ ಹೆಂಗಸರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗಳು. ನಡುವಿನ ಕಟ್ಟೆಯ ಮೇಲೆ ನಿಂತು, ಖರ್ಜೂರದ ಮರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಸಂದು ಸಿಕ್ಕಾಗ ಓಡುತ್ತಿದ್ದರು. ಪ್ರತಿ ಗೆರೆಯ ಪಕ್ಕ ಅದು ಯಾರದೆಂದು ಒಂದು ಪದ ಗೀಚಿಕೊಳ್ಳುತ್ತಿದ್ದೆ. ನಾಯಿಬ್ ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ ಎಂದು ನನಗೆ ಮೊದಲ ಗಂಟೆಯಲ್ಲೇ ಗೊತ್ತಾಯಿತು.

ಅವರ ನಡುವೆ ಸೆವ್ರಿನ್‌ಬಾಯಿಯೂ ಇದ್ದಳು. ಕಲ್ಯಾಣಪುರದ ಕಡೆಯವಳು, ಕ್ಲಿನಿಕ್ ಒಂದರಲ್ಲಿ ಆಯಾ. ನಮ್ಮ ಊರವರ ಸಮಾರಂಭಗಳಲ್ಲಿ ಪರಿಚಯ. ಮೊದಲ ದಿನ ಬೆಳಿಗ್ಗೆ ಓಡಿ ದಾಟಿ ಬಂದು, ಏದುಸಿರು ಬಿಡುತ್ತ ನನ್ನ ಮುಂದೆ ನಿಂತಳು.

"ಎಂತ ಮಾರಾಯ್ರೆ, ಬಿಸಿಲಲ್ಲಿ ಕೂತು ಗೆರೆ ಎಳೀತಾ ಇದ್ದೀರಿ? ನನ್ನನ್ನು ಎಣಿಸಿದ್ರಾ?"

"ಎಣಿಸಿದೆ ಮಾರಾಯ್ತಿ."

"ಸರಿ ಎಣಿಸಿ. ನಾನು ಬರುವಾಗ ಒಂದು, ಹೋಗುವಾಗ ಒಂದು. ಮೋಸ ಮಾಡ್ಬೇಡಿ ಆಯ್ತಾ!" ಎಂದು ನಗುತ್ತ ಹೋದಳು.

ವರದಿಯ ನಮೂನೆಯ ಮೇಲ್ಗಡೆ ಒಂದು ಸಾಲಿತ್ತು: ಪ್ರದೇಶದ ನಿವಾಸಿ ಪಾದಚಾರಿಗಳು. ನಾಲ್ಕನೆಯ ದಿನ ಮನೆಯ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಡಿಸಿ ಕೂತಾಗ ನಾನು ಆ ಸಾಲಿಗೆ ಅಂಟಿಕೊಂಡೆ. ದರ್ಜಿ ನಿವಾಸಿಯೇ? ಒಂದು ಕೋಣೆಯಲ್ಲಿ ಆರು ಜನ ಮಲಗುವವರು ನಿವಾಸಿಗಳೇ? ಗುರುತಿನ ಚೀಟಿಯಲ್ಲಿ ಅವರ ವಿಳಾಸ ಅದೇ ಗಲ್ಲಿ. ಅದು ನನಗೆ ಗೊತ್ತಿತ್ತು. ಆದರೂ — ಇವರೆಲ್ಲ ಇವತ್ತು ಇದ್ದು ನಾಳೆ ಹೋಗುವವರು, ಇವರಿಗಾಗಿ ಯಾರು ಸಿಗ್ನಲ್ ಹಾಕುತ್ತಾರೆ ಎಂದುಕೊಂಡೆ. ಹೀಗೆಂದುಕೊಂಡವನು ಯಾರು? ಎರಡೆರಡು ವರ್ಷಕ್ಕೆ ವೀಸಾ ಮುದ್ರೆ ಹಾಕಿಸಿಕೊಳ್ಳುವ ನಾನು! ಒಂದು ಸೋಫಾ, ಒಂದು ಕಾರು, ಆಫೀಸಿನಲ್ಲಿ ಒಂದು ಕುರ್ಚಿ — ಅಷ್ಟಕ್ಕೇ ನನಗೆ ಕೋಡು ಮೂಡಿತ್ತು. ಅರಬರ ನಿಲುವಂಗಿ ತೊಟ್ಟವರನ್ನು, ಬುರ್ಖಾ ತೊಟ್ಟ ಅಜ್ಜಿಯರನ್ನು ಬರೆದೆ. ಉಳಿದವರನ್ನು ಬಿಟ್ಟೆ. ಸೆವ್ರಿನ್‌ಬಾಯಿಯ ಗೆರೆಯ ಹತ್ತಿರ ಕೈ ಒಂದು ಕ್ಷಣ ನಿಂತಿತು. ಮುಂದೆ ಹೋಯಿತು.

ಸಂಸತ್ತಿನಲ್ಲಿ ಇಲಾಖೆಯ ಪರವಾಗಿ ಉತ್ತರ ಕೊಟ್ಟವರು ನನ್ನ ಪಟ್ಟಿಯನ್ನು ಎತ್ತಿ ಹಿಡಿದರು. ಇಷ್ಟು ಕಡಿಮೆ ಜನಕ್ಕೆ ಸಿಗ್ನಲ್ ಹಾಕುವುದೇ ಹಣದ ಪೋಲು, ಗೌರವಾನ್ವಿತರು ಬಹುಶಃ ಕನ್ನಡಕ ಬದಲಿಸಬೇಕು ಎಂದರು. ಸಭೆ ನಕ್ಕಿತಂತೆ.

ಮರುದಿನ ನಾಯಿಬ್ ನೇರ ನಮ್ಮ ಆಫೀಸಿಗೆ ಬಂದರು. ಕಂಕುಳಲ್ಲಿ ಆ ರಸ್ತೆಯ ನಕ್ಷೆ. ಎಣಿಸಿದವನು ಯಾರು ಎಂದು ಕೇಳಿದರು, ನನ್ನನ್ನು ಕರೆದರು. ಹಳೆಯ ತಲೆಮಾರಿನ ಇಲ್ಲಿಯವರಿಗೆ ಬರುವ ಅರೆಬರೆ ಹಿಂದಿಯಲ್ಲಿ ಒಂದೇ ಮಾತು ಕೇಳಿದರು.

"ತುಮ್ ಖುದ್ ಉಧರ್ ಬೈಠಾ? ಸಬ್ ಕೋ ಗಿನಾ?"

ನೀನೇ ಅಲ್ಲಿ ಕೂತು, ಎಲ್ಲರನ್ನೂ ಎಣಿಸಿದೆಯಾ — ಅಷ್ಟೇ. ಕೋಪವಿರಲಿಲ್ಲ. ಮಗ್ಗಿ ಕೇಳುವ ಮಾಸ್ತರರ ಹಾಗೆ ನನ್ನ ಮುಖ ನೋಡುತ್ತಿದ್ದರು.

"ಸಬ್ ಕೋ ಗಿನಾ, ಸಾಬ್," ಎಂದೆ.

"ಖಲಾಸ್," ಎಂದರು. "ಫಿರ್ ಮೇರಾ ಆಂಖ್ ಗಲತ್."

ಮುಗಿಯಿತು, ಹಾಗಾದರೆ ತಪ್ಪು ನನ್ನ ಕಣ್ಣಿನದು ಎಂದು! ಒಬ್ಬ ಜನಪ್ರತಿನಿಧಿ ಒಬ್ಬ ಸರ್ವೇಯರನ ಮಾತನ್ನು ತನ್ನ ಕಣ್ಣಿಗಿಂತ ಹೆಚ್ಚು ನಂಬಿದ. ನನ್ನ ಕೈಕುಲುಕಿ ಹೋದರು. ಮುಂದಿನ ವಾರ ಸಂಸತ್ತಿನಲ್ಲಿ ತಮ್ಮ ಪ್ರಶ್ನೆ ಹಿಂದಕ್ಕೆ ಪಡೆದು, ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿದರು. ಆಮೇಲೆ ಅವರು ಯಾವ ಖರ್ಚಿನ ಬಗ್ಗೆ ಬಾಯಿ ತೆರೆದರೂ, ಮೊದಲು ಎಣಿಸಿಕೊಂಡು ಬನ್ನಿ ಎಂಬ ನಗೆ. ಚರಂಡಿಯ ಪ್ರಶ್ನೆಗೂ ಅದೇ ನಗೆ, ಪಾರ್ಕಿನ ಪ್ರಶ್ನೆಗೂ ಅದೇ. ಮುಂದಿನ ಚುನಾವಣೆಯಲ್ಲಿ ಸೋತರು. ಎಲ್ಲರನ್ನೂ ಎಣಿಸಿದ್ದಂತೂ ನಿಜವಲ್ಲವೇ, ಎಲ್ಲರನ್ನೂ ವರದಿಯಲ್ಲಿ ಬರೆದೆಯಾ ಎಂದು ಅವರು ಕೇಳಲಿಲ್ಲವಲ್ಲ — ಹೀಗೆ ವರ್ಷಗಟ್ಟಲೆ ನನಗೆ ನಾನೇ ವಕೀಲನಾಗಿದ್ದೆ. ಥೂ.

ಸೆವ್ರಿನ್‌ಬಾಯಿಗೆ ಕಾರು ಬಡಿದದ್ದು ವರದಿಯ ಎಂಟು ತಿಂಗಳ ಮೇಲೆ, ಅದೇ ಕಟ್ಟೆಯ ಪಕ್ಕ. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಗೆ ಕಿತ್ತಳೆ ಹಿಡಿದುಕೊಂಡು ಹೋದೆ. ಅವಳು ನನ್ನನ್ನು ನೋಡಿ ಎದ್ದು ಕೂರಲು ಹೋಗಿ, ಆಗದೆ, ಹಾಗೇ ಮಲಗಿಕೊಂಡು ಕೇಳಿದಳು.

"ನೀವು ನಮ್ಮನ್ನೆಲ್ಲ ಎಣಿಸಿದ್ರಲ್ಲ. ಮತ್ತೆ ಯಾಕೆ ಸಿಗ್ನಲ್ ಬರ್ಲಿಲ್ಲ?"

"ಸರಕಾರದ ಕೆಲಸ ಅಲ್ವಾ ಬಾಯಿ, ನಿಧಾನ."

ಅವಳು ನಂಬಿದಳು. ಎರಡು ತಿಂಗಳಲ್ಲಿ ಊರಿಗೆ ಹೋದಳು, ಕೋಲು ಹಿಡಿದುಕೊಂಡು. ವಿಮಾನ ನಿಲ್ದಾಣಕ್ಕೆ ನನ್ನ ಕಾರಿನಲ್ಲೇ ಬಿಟ್ಟುಬಂದೆ. ಆ ರಸ್ತೆಯಲ್ಲಿ ಹೋಗದೆ ಸುತ್ತು ಬಳಸಿ ಹೋದೆ.

ಈ ವರ್ಷ ಆ ರಸ್ತೆಯನ್ನು ಅಗಲ ಮಾಡುವ ಯೋಜನೆ ಬಂದಿದೆ. ಕಾರು ಓಡಲು ಆಚೆಗೊಂದು ಈಚೆಗೊಂದು ಸಾಲು ಹೆಚ್ಚು. ಕಡತ ನನ್ನ ಮೇಜಿಗೇ ಬಂತು: ಪಾದಚಾರಿಗಳ ಹಳೆಯ ಅಧ್ಯಯನ ಇದೆಯಲ್ಲ, ಪರಿಸ್ಥಿತಿ ಬದಲಾಗಿಲ್ಲ ಎಂದು ಒಂದು ಸಹಿ ಹಾಕು, ಸಾಕು ಎಂದರು. ಪೆನ್ನು ತೆಗೆದೆ. ಸಹಿ ಹಾಕಲಾಗಲಿಲ್ಲ. ಮನೆಗೆ ಬಂದು ಸೂಟ್‌ಕೇಸಿನ ಅಡಿಯಿಂದ ಹಳೆಯ ನೋಟ್‌ಬುಕ್ ತೆಗೆದೆ. ಅದನ್ನು ಯಾಕೆ ಇಟ್ಟುಕೊಂಡಿದ್ದೆ, ಹೇಳಲಾರೆ. ಮೂರೂ ದಿನದ ಗೆರೆಗಳು ಹಾಗೇ ಇದ್ದವು.

ಮನೆಯಲ್ಲಿ ನಮ್ಮ ಮಾತು ತುಳು. ವಸಂತಿಗೆ ಸಿಟ್ಟು ಬಂದರೆ ಮಾತ್ರ ಕನ್ನಡ ಹೊರಡುತ್ತದೆ. ಹೋಗಿ ನಿಜ ಹೇಳಿಬಿಡುತ್ತೇನೆ ಎಂದಾಗ ಅವತ್ತು ಹೊರಟಿತು.

"ನಿಮಗೆ ಮಂಡೆ ಸಮ ಉಂಟಾ? ಮಗಳ ಶಾಲೆ ಮುಗಿಯಲಿಕ್ಕೆ ಇನ್ನೂ ಎರಡು ವರ್ಷ ಉಂಟು. ಅವರ ದೇಶ, ಅವರ ಪಾರ್ಲಿಮೆಂಟು. ನಮಗೆ ಯಾಕೆ ಉಸಾಬರಿ? ಉಂಡ ಮನೆಗೆ ಎರಡು ಬಗೆಯುವುದಾ?"

ಗಲ್ಫಿನಲ್ಲಿ ಬಾಳಿದ ನಮ್ಮವರೆಲ್ಲರ ಮಾತು ಇದೇ. ನಾನೂ ನೂರು ಸಲ ಆಡಿದ್ದೇನೆ. ಆದರೆ ಈ ಸಲ ನನ್ನ ಉತ್ತರ ಬೇರೆಯೇ ಇತ್ತು, ಇದನ್ನು ಓದುವ ನಮ್ಮವರಿಗೂ ಅದನ್ನೇ ಹೇಳುತ್ತೇನೆ. ಉಂಡ ಮನೆಗೆ ಎರಡು ಬಗೆದದ್ದು ಆಗ, ಸುಳ್ಳು ಪಟ್ಟಿ ಬರೆದ ದಿನ. ಈ ಮನೆಯ ಒಬ್ಬ ಮನುಷ್ಯ ತನ್ನ ಸರಕಾರವನ್ನು ಲೆಕ್ಕ ಕೇಳುತ್ತಿದ್ದ. ಅವನ ಕೈಗೆ ಖೋಟಾ ಲೆಕ್ಕ ಕೊಟ್ಟವನು ನಾನು. ಈಗ ಬಾಯಿ ಮುಚ್ಚಿಕೊಂಡಿರುವುದನ್ನು ನಿಯತ್ತು ಎನ್ನುವುದಾದರೆ, ಆ ನಿಯತ್ತು ನನಗೆ ಬೇಡ. ಉಪ್ಪು ತಿಂದಿದ್ದೇನೆ, ನೀರು ಕುಡಿಯುತ್ತೇನೆ. ವಸಂತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟಳು.

ನಾಯಿಬ್ ಈಗ ನಾಯಿಬರಲ್ಲ. ಆದರೂ ವಾರಕ್ಕೊಮ್ಮೆ ಸಂಜೆ ಅವರ ಮನೆಯ ಮಜ್ಲಿಸ್‌ನ — ನಮ್ಮ ಕಡೆಯ ಚಾವಡಿಯ ಹಾಗೆ — ಬಾಗಿಲು ತೆರೆದಿರುತ್ತದೆ. ಯಾರು ಬೇಕಾದರೂ ಹೋಗಿ ಕೂರಬಹುದು. ಗೋಡೆಯುದ್ದಕ್ಕೂ ಕೂತ ಹತ್ತು ಹನ್ನೆರಡು ಜನ, ಕೈಯಲ್ಲಿ ಕಾಫಿಯ ಪುಟ್ಟ ಬಟ್ಟಲು. ಹೋಗಿ ನೋಟ್‌ಬುಕ್ ಅವರ ಮಡಿಲಲ್ಲಿಟ್ಟೆ. ಅವರು ಎಲ್ಲರೆದುರು ಹೇಳು ಎಂದರು. ನಿಂತುಕೊಂಡು ಹೇಳಿದೆ — ನನ್ನ ಕೆಟ್ಟ ಹಿಂದಿಯಲ್ಲಿ, ಬೆವರುತ್ತ, ಒಂದನ್ನೂ ಬಿಡದೆ. ಅವರು ಕನ್ನಡಕ ತೆಗೆದು, ಪುಟಗಳನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದಾಗಿ ನೋಡಿದರು.

"ನಾನು ಮೂರು ಸಲ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ," ಎಂದರು ಹಿಂದಿಯಲ್ಲೇ. ತಮಾಷೆಗಲ್ಲ.

ಕ್ಷಮಿಸಿ ಎಂದೆ. ಅವರು ಕ್ಷಮಿಸಿದೆ ಎನ್ನಲಿಲ್ಲ. ನೋಟ್‌ಬುಕ್ ನನ್ನ ಕೈಗೇ ವಾಪಸು ಕೊಟ್ಟರು. "ಇದು ನನಗಲ್ಲ. ಯಾರಿಗೆ ಸುಳ್ಳು ಬರೆದೆಯೋ ಅವರಿಗೆ ನಿಜ ಬರೆ. ನಿನ್ನ ಹೆಸರು ಹಾಕಿ ಬರೆ. ಆಮೇಲೆ ಬಾ, ಕಾಫಿ ಕುಡಿ."

ಮರುದಿನ ಸೆವ್ರಿನ್‌ಬಾಯಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆಯಿಂದ ಕೋಳಿಗಳ ಸದ್ದು ಮಾತ್ರ ಕೇಳುತ್ತಿತ್ತು.

"ಹಾಗಾದ್ರೆ ನನ್ನನ್ನು ಎಣಿಸ್ಲೇ ಇಲ್ವಾ ನೀವು?"

"ಎಣಿಸಿದ್ದೆ ಬಾಯಿ. ಬರೀಲಿಲ್ಲ."

ನಾನು ಮೂಗು ಒರೆಸಿಕೊಂಡದ್ದು ಅವಳಿಗೆ ಕೇಳಿಸಿತು. "ಅಳ್ಬೇಡಿ ಈಗ. ಮೊದ್ಲು ಬರೀರಿ," ಎಂದು ಫೋನ್ ಇಟ್ಟಳು.

ಬರೆದಿದ್ದೇನೆ. ಕಂಪನಿಗೆ, ಇಲಾಖೆಗೆ, ಸಂಸತ್ತಿಗೆ — ಮೂರು ಪ್ರತಿ, ನೋಟ್‌ಬುಕ್‌ನ ಎಲ್ಲ ಪುಟಗಳ ಸಮೇತ, ಪೂರ್ತಿ ಹೆಸರು, ಸಹಿ. ಹೋದ ವಾರ ಕೈಯಾರೆ ಕೊಟ್ಟುಬಂದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ; ಕೇಳಲೂ ಹೋಗುವುದಿಲ್ಲ. ಸಿಗ್ನಲ್ ಬಂದರೂ ಸೆವ್ರಿನ್‌ಬಾಯಿಯ ಸೊಂಟ ನೆಟ್ಟಗಾಗುವುದಿಲ್ಲ, ಆ ಮಾಸ್ತರರು ಕೇಳಿದ ಕ್ಷಮೆ ಹಿಂದಕ್ಕೆ ಬರುವುದಿಲ್ಲ. ಕಾಫಿ ಕುಡಿಯಲು ಇನ್ನೂ ಹೋಗಿಲ್ಲ. ಈಗ ಕಾರು ಜಿಂಜ್‌ನಲ್ಲೇ ಬಿಟ್ಟು ಬಸ್ಸಿನಲ್ಲಿ ಆಫೀಸಿಗೆ ಬರುತ್ತೇನೆ. ಆ ಕಟ್ಟೆಯ ಮೇಲೆ, ಖರ್ಜೂರದ ಮರ ಹಿಡಿದುಕೊಂಡು, ಲಾಂಡ್ರಿಯವರ ಪಕ್ಕ ನಿಂತು ಸಂದಿಗಾಗಿ ಕಾಯುತ್ತೇನೆ. ಮತ್ತೆ ಯಾರಾದರೂ ಎಣಿಸಲು ಬಂದರೆ ನಾವೆಲ್ಲ ಅಲ್ಲೇ ಸಿಗುತ್ತೇವೆ.