ತೊರೆ ಬಿಡುವುದು

ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಆ ವರ್ಷ ನಾನು ಹಬ್ಬವನ್ನೇ ನೆಪ ಮಾಡಿಕೊಂಡು ಶಿಗ್ಗಾವಿಯಿಂದ ಮಾಸೂರಿಗೆ ಬಂದೆ. ಗಂಡನ ಮನೆಗೆ ತಿರುಗಿ ಹೋಗುವುದು ಬೇಡವೆಂದು ಮನಸ್ಸಿನಲ್ಲಿ ಅರ್ಧ ತೀರ್ಮಾನವಾಗಿತ್ತು.

ಜಗಳವೇನೂ ಇರಲಿಲ್ಲ. ಅದೇ ತೊಂದರೆ. ಜಗಳವಾಗಿದ್ದರೆ ಅವ್ವನಿಗೆ ಹೇಳುವುದು ಸುಲಭವಾಗುತ್ತಿತ್ತು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಅವರು ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ವಾರ್ನಿಷ್ ಬಳಿಯುವವರು. ಕಾಲೇಜಿನ ಪಂಪು ರಿಪೇರಿಗೆಂದು ಬಂದವರನ್ನು ನೋಡಿ ಮರುಳಾಗಿ, ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮದುವೆಯಾಗಿದ್ದೆ. ಆಗೆಲ್ಲ ಅವರ ಅಂಗಿಯ ವಾರ್ನಿಷ್ ವಾಸನೆ ಬಂದರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಊಟ ಸೇರುತ್ತಿರಲಿಲ್ಲ. ಬರಬರುತ್ತ ಅದು ನಿಂತಿತು. ಅದೇ ವಾಸನೆಗೆ "ಅಂಗಿ ಹೊರಗ ಹಾಕ್ರಿ" ಎನ್ನತೊಡಗಿದೆ. ಮಿದುಳಿಗೆ ಮೋಹ ಏರಿಸುವ ಡೋಪಮೈನ್ ಇಳಿಯಿತು, ಪ್ರೀತಿ ಮುಗಿಯಿತು ಎಂದು ನನಗೆ ನಾನೇ ಪಾಠ ಮಾಡಿಕೊಂಡೆ. ಕಲಿಸುವವರ ಬಾಯಿ ಮನೆಯಲ್ಲೂ ಸುಮ್ಮನಿರುವುದಿಲ್ಲ.

ಉಂಡಿ ತಿಂದದ್ದಾಯಿತು, ಜೀಕಿದ ಜೋಕಾಲಿಯ ಹಗ್ಗ ಬಿಚ್ಚಿಟ್ಟದ್ದೂ ಆಯಿತು. ನಾನು ಹೊರಡಲಿಲ್ಲ. ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಹಬ್ಬದ ಗದ್ದಲಕ್ಕೆ ಹೀಗೆ ಅಂದುಕೊಂಡೆ. ಓಣಿಯ ಹೆಂಗಸರು "ಯಾವಾಗ ಹೊಂಟೀಯವಾ?" ಎಂದು ಕೇಳತೊಡಗಿದಾಗ ಮೈಯೆಲ್ಲ ಉರಿಯುತ್ತಿತ್ತು. ಕೇಳದೆ ಇದ್ದವಳು ಅವ್ವ ಒಬ್ಬಳೇ.

ಒಂದು ದಿನ ಅವ್ವ ಬೀಗರ ಮನೆಗೆಂದು ರಟ್ಟೀಹಳ್ಳಿಗೆ ಹೋದಳು. ಎಮ್ಮೆ ಹಿಂಡುವ ಕೆಲಸ ನನ್ನ ಪಾಲಿಗೆ ಬಂತು. ಕರು ಬಿಟ್ಟೆ, ಕೆಚ್ಚಲು ತೊಳೆದೆ, ಕೈಮುಗಿದು ಬೇಡಿಕೊಂಡೆ. ಏನು ಮಾಡಿದರೂ ತೊರೆ ಬಿಡಲೊಲ್ಲದು. ಎಮ್ಮೆ ಮನಸ್ಸು ಮಾಡಿ ಮೊಲೆಗೆ ಹಾಲು ಇಳಿಸುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಪಕ್ಕದ ಮನೆಯ ಕಾಕಾ ಗೋಡೆಯಾಚೆಯಿಂದ ಇಣುಕಿ, "ಒಂದ್ ಸೂಜಿ ಮಾಡಿಬಿಡು, ತಾನ ಬಿಡತೈತಿ" ಎಂದ. ಆ ಸೂಜಿಯಲ್ಲಿರುವುದು ಆಕ್ಸಿಟೋಸಿನ್. ಹಾಲು ಇಳಿಸುವ, ತಾಯಿಯನ್ನು ಕರುವಿಗೆ ಅಂಟಿಸುವ ಹಾರ್ಮೋನು ಅದು. ಗಂಡಹೆಂಡತಿ ಒಬ್ಬರಿಗೊಬ್ಬರು ಹೊಂದಿಕೊಳ್ಳುವುದರಲ್ಲೂ ಅದರ ಕೈವಾಡವಿದೆ ಎಂದು ಕ್ಲಾಸಿನಲ್ಲಿ ನಾನೇ ಹೇಳುತ್ತೇನೆ. ಸೂಜಿ ಬೇಡವೆನಿಸಿ ಅವ್ವನಿಗೆ ಫೋನ್ ಮಾಡಿದೆ.

"ಹಗ್ಗದ ಮ್ಯಾಲ ನನ್ನ ಹಳೇ ಸೀರಿ ಐತಿ, ಉಟಗೊಂಡು ಕುಂದ್ರು. ಆಕಿಗೆ ನನ್ನ ವಾಸನಿ ರೂಢಿ ಆಗೇತಿ" ಎಂದಳು ಅವ್ವ.

ಉಟ್ಟು ಕುಳಿತೆ. ಎಮ್ಮೆ ಸೆರಗು ಮೂಸಿತು, ದೊಡ್ಡದಾಗಿ ಉಸಿರು ಬಿಟ್ಟಿತು, ಮೆಲುಕು ಹಾಕತೊಡಗಿತು. ಹಾಲು ಇಳಿಯಿತು. ನನಗೆ ವಿಪರೀತ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ಮರುದಿನ ಅವ್ವ ಬಂದಳು. ಅವಳ ಹಿಂದೆಯೇ, ಮಧ್ಯಾಹ್ನ, ಯಾರೂ ಕರೆಯದೆ ನನ್ನ ಗಂಡನೂ ಬಂದರು. ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತು, "ನಾ ಏನರ ತಪ್ಪು ಮಾಡೇನೇನು?" ಎಂದು ಕೇಳಿದರು. ಪಾಪ ಅನಿಸಿತು. ನಾನು ಬರುವುದಿಲ್ಲ ಎನ್ನುವುದನ್ನು ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ. ಅಂಗಿಯಿಂದ ಅದೇ ವಾರ್ನಿಷ್ ವಾಸನೆ. ಎದೆ ಡವಡವ ಎನ್ನಲಿಲ್ಲ. ಆಕಳಿಕೆ ಬಂತು. ಇನ್ನೊಂದು ಬಂತು. ಹೇಳಬೇಕಾದ ಮಾತು ಬಾಯಲ್ಲಿರುವಾಗಲೇ ತಲೆ ಅವರ ಭುಜಕ್ಕೆ ವಾಲಿತು.

ಎಚ್ಚರವಾದಾಗ ಬಿಸಿಲು ಅಂಗಳ ದಾಟಿತ್ತು. ಅವರು ಕುಳಿತ ಹಾಗೆಯೇ ಕುಳಿತಿದ್ದರು. ಕೈ ಜೋಮು ಹಿಡಿದಿತ್ತಂತೆ, ಅಲುಗಾಡಿರಲಿಲ್ಲ. ಅವ್ವ ಚಹಾ ತಂದಿಟ್ಟು ಮೆಲ್ಲಗೆ ಹೇಳುತ್ತಿದ್ದಳು: "ಪಂಚಮಿಯಿಂದ ಕಣ್ಣಿಗೆ ಕಣ್ಣ ಹಚ್ಚಿದ್ದಿಲ್ರೀ ಅಳ್ಯಾರ. ಇವತ್ತ ತೊರಿ ಬಿಟ್ಟಾಳ ನೋಡ್ರಿ."

ನಾಚಿಕೆಯಾಯಿತು, ಅಳುವೂ ಬಂತು. "ಮಗಳಿಗೆ ಎಮ್ಮಿ ಅಂತೀಯೇನವಾ?" ಎಂದೆ, ಭುಜದಿಂದ ತಲೆ ಎತ್ತದೆ. "ಬುತ್ತಿ ಕಟ್ಟು, ಹೊಂಟೇನಿ."